ಬದಲಿ ಟ್ರಾನ್ಸಿಸ್ಟರು

ನಮ್ಮ ಕಡೆ ಟ್ರಾನ್ಸಿಸ್ಟರ್ ಎಂದರೆ ರೇಡಿಯೋ. ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಒಯ್ಯುತ್ತಿದ್ದ, ಕಂದು ಬಣ್ಣದ ಚೀಲ ತೊಟ್ಟ ರೇಡಿಯೋ. ಧಾರವಾಡದ ಆಕಾಶವಾಣಿ 1950ರಲ್ಲಿ ಶುರುವಾದಾಗ ಅದನ್ನು ಕೇಳಲು ಗಾಜಿನ ವಾಲ್ವುಗಳ ದೊಡ್ಡ ಪೆಟ್ಟಿಗೆ ಬೇಕಿತ್ತು. ಅದು ಊರಿಗೆ ಒಂದೋ ಎರಡೋ ಮನೆಯಲ್ಲಿರುತ್ತಿತ್ತು. ಆಮೇಲೆ ಬಂದ ಸಣ್ಣ ಪೆಟ್ಟಿಗೆಗೆ ಒಳಗಿನ ಸಾಮಾನಿನ ಹೆಸರೇ ಅಂಟಿಕೊಂಡಿತು. ನಿಜವಾದ ಟ್ರಾನ್ಸಿಸ್ಟರು ಎಂದರೆ ಹುಣಸೆಬೀಜದಷ್ಟು ಇರುವ, ಮೂರು ಕಾಲಿನ ಒಂದು ತುಣುಕು ಎಂದು ನಮ್ಮೂರಿನ ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ಸಣ್ಣ ದನಿಯನ್ನು ದೊಡ್ಡದು ಮಾಡುವುದು ಆ ತುಣುಕಿನ ಕೆಲಸ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಬಾರ್ಡೀನ್, ಬ್ರಾಟೇನ್, ಶಾಕ್ಲಿ ಎಂಬ ಮೂವರಿಗೆ 1956ರಲ್ಲಿ ಅದಕ್ಕಾಗಿ ನೊಬೆಲ್ ಬಂತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1962ರಲ್ಲಿ ಜರ್ಮೇನಿಯಂ ಸಾಮಾನುಗಳನ್ನು ತಯಾರಿಸತೊಡಗಿತು.

ಇದನ್ನೆಲ್ಲ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಾಗಿ ಹೇಳಬಲ್ಲೆ. ಆದರೆ ಟ್ರಾನ್ಸಿಸ್ಟರು ಎಂದರೆ ಏನು ಎಂಬುದು ನನಗೆ ತಿಳಿದದ್ದು ನಮ್ಮ ವೈನಿಯಿಂದ.

ನನ್ನ ತವರು ಮುದ್ದೇಬಿಹಾಳ. ನನ್ನನ್ನು ಕೊಟ್ಟದ್ದು ಸಿಂದಗಿಗೆ, ಅಕ್ಕನನ್ನು ಇಂಡಿಗೆ. ಅಣ್ಣ ಬಸವನ ಬಾಗೇವಾಡಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ. ಎರಡು ಆಂಪ್ಲಿಫೈಯರು, ನಾಲ್ಕು ಹಾರ್ನು, ಎರಡು ಮೈಕು, ಒಂದು ಮೋಟಾರಿನ ಬ್ಯಾಟರಿ, ಇಷ್ಟೇ ಬಂಡವಾಳ. ಮದುವೆ, ಜಾತ್ರೆ, ಬಯಲಾಟ, ಪುರಾಣ, ಚುನಾವಣೆ ಯಾವುದಕ್ಕೂ ಸೆಟ್ಟು ಬಾಡಿಗೆಗೆ ಹೋಗುತ್ತಿತ್ತು. 1988ರಲ್ಲಿ ಅಣ್ಣ ತೀರಿಕೊಂಡ. ಇಬ್ಬರು ಸಣ್ಣ ಮಕ್ಕಳು. ದಿನದ ಕಾರ್ಯಕ್ಕೆ ಬಂದ ಹಿರಿಯರೆಲ್ಲ, ಸಾಮಾನು ಮಾರಿ ರೊಕ್ಕ ಬ್ಯಾಂಕಿನಲ್ಲಿಡು ಎಂದರು. ವೈನಿ ಯಾರಿಗೂ ಎದುರು ಮಾತಾಡಲಿಲ್ಲ. ಮರುವಾರ ಅಂಗಡಿಯ ಬಾಗಿಲು ತೆಗೆದು, ಕೆಲಸದ ಹುಡುಗನನ್ನು ಕರೆದು, "ಯಾವ ಊರಾಗ ಲಗ್ನ ಐತಿ ನೋಡ್ಕೊಂಡು ಬಾರಪಾ" ಎಂದಳು.

ಅಂಗಡಿಯ ಹಳೆಯ ಆಂಪ್ಲಿಫೈಯರು ಜರ್ಮೇನಿಯಂ ಕಾಲದ್ದು. ಅಂಥವುಗಳಿಂದ ನಮ್ಮ ಹಳ್ಳಿಗಳಿಗೆ ದೊಡ್ಡ ಉಪಕಾರವಾಗಿತ್ತು ಎಂದು ಒಪ್ಪಬೇಕು. ವಾಲ್ವಿಗೆ ನೂರಾರು ವೋಲ್ಟು ಬೇಕು, ಅಂದರೆ ಊರಿಗೆ ಕರೆಂಟು ಬೇಕು. ಟ್ರಾನ್ಸಿಸ್ಟರಿನ ಆಂಪ್ಲಿಫೈಯರಿಗೆ ಹನ್ನೆರಡು ವೋಲ್ಟಿನ ಬ್ಯಾಟರಿ ಸಾಕು. ಚಕ್ಕಡಿಯಲ್ಲಿ ಬ್ಯಾಟರಿ ಇಟ್ಟು ಕರೆಂಟಿಲ್ಲದ ಊರಿನಲ್ಲೂ ಬೆಳತನಕ ಪಾರಿಜಾತ ಆಡಿಸಬಹುದಿತ್ತು. ಆದರೆ ಜರ್ಮೇನಿಯಂಗೆ ನಮ್ಮ ಬಿಸಿಲು ಆಗಿಬರಲಿಲ್ಲ. ಕಾವು ಹತ್ತು ಡಿಗ್ರಿ ಏರಿದರೆ ಅದರೊಳಗೆ ಸುಮ್ಮನೆ ಸೋರುವ ಕರೆಂಟು ಸುಮಾರು ಎರಡರಷ್ಟಾಗುತ್ತದೆ. ಸೋರಿದಷ್ಟೂ ಕಾವು, ಕಾದಷ್ಟೂ ಸೋರಿಕೆ. ಕೊನೆಗೆ ತನ್ನ ಕಾವಿನಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಅದು ಒಳಗೆ ತಡೆದುಕೊಳ್ಳುವುದೇ ನೂರು ಡಿಗ್ರಿಯ ಆಸುಪಾಸು. ನಲವತ್ತು ದಾಟುವ ಮೇ ತಿಂಗಳಿನಲ್ಲಿ, ತಗಡಿನ ಚಪ್ಪರದ ಕೆಳಗೆ, ಲಗ್ನದ ಹಾಡು ಹಾಡುತ್ತ ಅದು ಎಷ್ಟು ಹೊತ್ತು ಬಾಳೀತು? ನಮ್ಮಲ್ಲಿ ಮದುವೆಗಳೆಲ್ಲ ಆ ಬಿಸಿಲಿನಲ್ಲೇ ಆಗಬೇಕು!

ವೈನಿ ವ್ಯವಹಾರ ಹಿಡಿದ ಮೊದಲ ಬೇಸಿಗೆಯಲ್ಲೇ ಅದು ಸುಟ್ಟಿತು. ಹಾರ್ನಿನ ವಾಯರು ಒಂದಕ್ಕೊಂದು ತಾಗಿ, ಕೊನೆಯ ಹಂತದ ಎರಡೂ ಟ್ರಾನ್ಸಿಸ್ಟರು ಹೋದವು. ಎಡಿ 149 ಎಂಬ ಜೋಡಿ. ಇವಕ್ಕೆ ಮೂರು ಕಾಲು ಕಾಣುವುದಿಲ್ಲ. ಎರಡು ಕಿವಿಯ ಲೋಹದ ಟೋಪಿ, ಕೆಳಗೆ ಎರಡು ಕಾಲು. ಮೂರನೆಯ ಕಾಲು ಎಂದರೆ ಆ ಲೋಹದ ಮೈಯೇ. ಅದಕ್ಕೇ ಅದನ್ನು ಕೂರಿಸುವಾಗ ಕೆಳಗೆ ಕಾಗೆಬಂಗಾರದ ತೆಳುಹಾಳೆ ಇಡುತ್ತಾರೆ, ಕಾವು ದಾಟಬೇಕು, ಕರೆಂಟು ದಾಟಬಾರದು. ಬಿಜಾಪುರದಲ್ಲಿ (2014ರ ನವೆಂಬರಿನಿಂದ ಕಾಗದದ ಮೇಲೂ ವಿಜಯಪುರ) ಆ ಜೋಡಿ ಸಿಗಲಿಲ್ಲ. ಸೊಲ್ಲಾಪುರದಲ್ಲಿ ಸಿಕ್ಕೀತು ಎಂದರು. ಇಂಡಿಯವರಿಗೆ ಸೊಲ್ಲಾಪುರ ಹತ್ತಿರ, ಆಗಿನ್ನೂ ಮೀಟರ್ ಗೇಜಿನ ಗಾಡಿ. ಅಕ್ಕನೇ ಹೋಗುವುದೆಂದಾಯಿತು. ಸುಟ್ಟ ಒಂದು ಟ್ರಾನ್ಸಿಸ್ಟರು ಕುಂಕುಮದ ಭರಣಿಯಲ್ಲಿ ಕೂತು ಬಾಗೇವಾಡಿಯಿಂದ ಇಂಡಿಗೆ ಹೋಯಿತು. ನಾನು ಸಿಂದಗಿಯಿಂದ ಅಂತರ್ದೇಶಿ ಪತ್ರ ಬರೆದೆ.

ಆ ಪತ್ರದಲ್ಲಿ ಏನಿತ್ತು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬದಲಿ ಹುಡುಕುವ ವಿದ್ಯೆಯೆಲ್ಲ ಅದರಲ್ಲೇ ಇದೆ. ಯುರೋಪಿನವರು ಟ್ರಾನ್ಸಿಸ್ಟರುಗಳಿಗೆ ಹೆಸರಿಡುವ ಕ್ರಮವೊಂದನ್ನು ಮಾಡಿಕೊಂಡಿದ್ದಾರೆ. ಮೊದಲ ಅಕ್ಷರ ಎ ಆದರೆ ಜರ್ಮೇನಿಯಂ, ಬಿ ಆದರೆ ಸಿಲಿಕಾನ್. ಎರಡನೆಯದು ಸಿ ಆದರೆ ದನಿಯ ಸಣ್ಣ ಕೆಲಸಕ್ಕೆ, ಡಿ ಆದರೆ ದನಿಯ ಭಾರಿ ಕೆಲಸಕ್ಕೆ, ಎಫ್ ಆದರೆ ರೇಡಿಯೋ ಅಲೆಗಳಿಗೆ. ಎಸಿ 128 ಎಂದರೆ ಜರ್ಮೇನಿಯಂ ಮನೆತನದ ಸಣ್ಣವ. ಎಡಿ 149 ಅದೇ ಮನೆತನದ ಹಮಾಲ. ಬಿಸಿ 148 ಸಿಲಿಕಾನಿನ ಸಣ್ಣವ. (ಇದಕ್ಕೂ ಹಿಂದಿನ ಒಸಿ 71ರಂಥವುಗಳಲ್ಲಿ ಒ ಎಂದರೆ ಸೊನ್ನೆ. ವಾಲ್ವುಗಳ ಕ್ರಮದಲ್ಲಿ ಮೊದಲ ಅಕ್ಷರ ಕಾಯಿಸುವ ತಂತಿಯ ಲೆಕ್ಕ ಹೇಳುತ್ತಿತ್ತು; ಟ್ರಾನ್ಸಿಸ್ಟರಿಗೆ ಕಾಯಿಸುವ ತಂತಿಯೇ ಇಲ್ಲ, ಆದ್ದರಿಂದ ಸೊನ್ನೆ.) ಅಮೆರಿಕದವರ 2ಎನ್ ಆದಮೇಲಿನ ಸಂಖ್ಯೆ ಬರೀ ನೋಂದಣಿಯದ್ದು, ಅದರಿಂದ ಗುಣ ತಿಳಿಯುವುದಿಲ್ಲ. ಜಪಾನಿನವರು 2ಎಸ್ ಎಂಬುದನ್ನು ಮೈಮೇಲೆ ಬರೆಯದೆ ಬಿಟ್ಟು ಬರೀ ಡಿ 313 ಎನ್ನುತ್ತಾರೆ.

ಇನ್ನು ಎನ್‌ಪಿಎನ್, ಪಿಎನ್‌ಪಿ ಎಂಬ ಎರಡು ಜಾತಿ. ಒಂದಕ್ಕೆ ಪ್ಲಸ್ ಇರುವಲ್ಲಿ ಇನ್ನೊಂದಕ್ಕೆ ಮೈನಸ್. ಆಮೇಲೆ ಎಷ್ಟು ವೋಲ್ಟು ತಡೆದೀತು, ಎಷ್ಟು ಆಂಪಿಯರು ಹೊತ್ತೀತು, ಒಂದನ್ನು ಎಷ್ಟರಷ್ಟು ಮಾಡೀತು. ಇವೆಲ್ಲವನ್ನೂ ಸಾಲುಸಾಲಾಗಿ ಕೊಡುವ ಟವರ್ಸ್ ಎಂಬವರ ದಪ್ಪ ಪುಸ್ತಕವೊಂದು ರಿಪೇರಿಯವರ ಕೈಯಲ್ಲಿ ಇರುತ್ತಿತ್ತು, ಪಕ್ಕದ ಸಾಲಿನಲ್ಲಿ ಬದಲಿಯ ನಂಬರೂ ಇರುತ್ತಿತ್ತು. ಅಣ್ಣನ ಪ್ರತಿ ಎಣ್ಣೆಗೈ ತಾಗಿ ಅಂಚೆಲ್ಲ ಕಪ್ಪಾಗಿತ್ತು. ಜೋಡಿ ಕೆಲಸದ ಎರಡರ ಗುಣವೂ ಸರಿಸಮ ಇರಬೇಕು, ಇಲ್ಲವಾದರೆ ಒಂದು ದುಡಿದು ದುಡಿದು ಸುಡುತ್ತದೆ, ಇನ್ನೊಂದು ತಣ್ಣಗೆ ಕೂತಿರುತ್ತದೆ. ನಮ್ಮ ಮದುವೆಗಳಲ್ಲಿ ಇಷ್ಟು ಅಳತೆ ಯಾರು ಮಾಡಿದ್ದರು!

ಪತ್ರದಲ್ಲಿ ನಾನು ಬರೆದದ್ದು: ಮೊದಲ ಅಕ್ಷರ ಎ ಇರಲಿ, ಎರಡನೆಯದು ಡಿ ಇರಲಿ, ಪಿಎನ್‌ಪಿ, 50 ವೋಲ್ಟು, 3.5 ಆಂಪಿಯರು, ಒಂದೇ ನಂಬರಿನ ಎರಡು. ಅಕ್ಕ ಕಲಿತದ್ದು ನಾಲ್ಕನೆಯ ಇಯತ್ತೆ. ಅಂಗಡಿಯವನು 2ಎನ್ 3055 ಎಂಬುದನ್ನು ತೆಗೆದು ಮುಂದಿಟ್ಟನಂತೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ತಂದ ಸಿಲಿಕಾನಿನ ಗಟ್ಟಿ ಆಳು ಅದು; 15 ಆಂಪಿಯರು ಹೊರುತ್ತದೆ, ಒಳಗೆ ಇನ್ನೂರು ಡಿಗ್ರಿಯವರೆಗೆ ತಾಳುತ್ತದೆ. ನೋಡಲು ಥೇಟ್ ಎಡಿ 149, ಅದೇ ಟೋಪಿ, ಅವೇ ಕಿವಿ. "ಹೀಚ್ ಆಹೇ, ಬಾಯಿ, ಇದ ಅದು" ಎಂದ. ಅಕ್ಕ ಪತ್ರ ಬಿಚ್ಚಿ, ಟೋಪಿಯ ಮೇಲಿನ ಅಕ್ಷರಕ್ಕೆ ಬೆರಳಿಟ್ಟು, "ಇದರ ಮೊದಲ ಅಕ್ಷರ ಎ ಅಲ್ಲಪಾ" ಎಂದಳು. ಮೂರನೆಯ ಅಂಗಡಿಯಲ್ಲಿ ಹಳೇ ಸ್ಟಾಕಿನ ಜೋಡಿ ಸಿಕ್ಕಿತು. ಎರಡು ಜೋಡಿ ಕೊಂಡಳು. ಹಾಗೆ ಆ ಬೇಸಿಗೆಯ ಲಗ್ನಗಳು ವೈನಿಯ ಕೈತಪ್ಪಲಿಲ್ಲ. ಮಕ್ಕಳ ಶಾಲೆಯ ಫೀ ಹುಟ್ಟಿದ್ದು ಅದರಲ್ಲೇ.

ಮುಂದೆ ಜರ್ಮೇನಿಯಂ ಟ್ರಾನ್ಸಿಸ್ಟರು ಮಾಡುವುದನ್ನೇ ಜಗತ್ತು ಬಹುತೇಕ ಬಿಟ್ಟಿತು. ಸಿಲಿಕಾನು ಅಗ್ಗ, ಗಟ್ಟಿ, ಕಾವಿಗೆ ಅಂಜದು. ನಮ್ಮ ದೇಶದ್ದೇ ಆದ ಎಸ್‌ಎಲ್ 100, ಎಸ್‌ಕೆ 100 ಎಂಬ ಜೋಡಿ ಪ್ರತಿ ರಿಪೇರಿ ಅಂಗಡಿಯ ಡಬ್ಬಿಯಲ್ಲೂ ಇದ್ದವು. 1990ರ ದಶಕದ ನಡುವಿನಲ್ಲಿ ವೈನಿಯ ಕೊನೆಯ ಕೆಲಸದ ಜೋಡಿಯೂ ಸುಟ್ಟಾಗ, ಒಬ್ಬ ರಿಪೇರಿಯವರು ಆ ಕೊನೆಯ ಹಂತವನ್ನೇ ಬಿಚ್ಚಿ ಸಿಲಿಕಾನಿಗೆ ಹೊಂದಿಸಿ ಕಟ್ಟಿಕೊಟ್ಟರು. ಭಾಷಣಕ್ಕೆ ಹಚ್ಚಿದರೆ ಗುಡುಗಿತು. ಎಲ್ಲರೂ ಭೇಷ್ ಎಂದರು. ಆದರೆ ಶ್ರಾವಣದಲ್ಲಿ ಹೆಣ್ಣುಮಕ್ಕಳ ಭಜನಿಗೆ ಹಚ್ಚಿದ ದಿನ ವೈನಿ ಹಾರ್ನಿಗೆ ಕಿವಿಗೊಟ್ಟು ನಿಂತು, "ತಂಗೀ, ದೊಡ್ಡ ದನಿ ಚಂದ ಐತಿ. ದನಿ ಸಣ್ಣಗಾದಾಗ ಕೆರೀತೈತಿ ನೋಡು" ಎಂದಳು.

ಆಕೆಯ ಕಿವಿ ಹಿಡಿದದ್ದು ಸರಿಯಾಗಿತ್ತು. ಇಂಥ ಆಂಪ್ಲಿಫೈಯರಿನಲ್ಲಿ ಒಂದು ಟ್ರಾನ್ಸಿಸ್ಟರು ದನಿಯ ಅಲೆಯ ಮೇಲರ್ಧ ಹೊರುತ್ತದೆ, ಇನ್ನೊಂದು ಕೆಳಗಿನರ್ಧ. ಜರ್ಮೇನಿಯಂ 0.2 ವೋಲ್ಟಿನ ಸುಮಾರಿಗೇ ಎಚ್ಚರಾಗುತ್ತದೆ. ಸಿಲಿಕಾನಿಗೆ 0.6 ಬೇಕು. ಹಳೆಯ ಲೆಕ್ಕದ ವೋಲ್ಟನ್ನೇ ಉಳಿಸಿದರೆ, ಒಂದರ ಕೈಯಿಂದ ಇನ್ನೊಂದರ ಕೈಗೆ ಅಲೆ ದಾಟುವ ಹೊತ್ತಿಗೆ ಎರಡೂ ನಿದ್ದೆಯಲ್ಲಿರುತ್ತವೆ. ಕೂಗಿದರೆ ಆ ಸಂದು ಗೊತ್ತಾಗುವುದಿಲ್ಲ. ಮೆಲ್ಲಗೆ ಹಾಡಿದರೆ ಹಾಡಿನ ಬಹುಪಾಲು ಆ ಸಂದಿನಲ್ಲೇ ಬೀಳುತ್ತದೆ. ಭಾಷಣ ಮಾಡುವ ಗಂಡಸರಿಗೆ ಸರಿಯಾಗಿ ಕೇಳಿಸಿದ ಪೆಟ್ಟಿಗೆ ಜೋಗುಳದಲ್ಲಿ ಕೆರೆಯಿತು! ರಿಪೇರಿಯವರು ಮೊದಲು ನಂಬಲಿಲ್ಲ. ವೈನಿ ಅವರ ಅಂಗಡಿಯಲ್ಲೇ ಮೈಕು ಹಿಡಿದು ಮೆಲುದನಿಯಲ್ಲಿ ಎರಡು ನುಡಿ ಹಾಡಿ ತೋರಿಸಿದಳು. ಅವರು ಒಂದು ರೆಸಿಸ್ಟರು ಬದಲಿಸಿದರು, ಕೆರೆತ ನಿಂತಿತು.

ಆಮೇಲೆ ನಕಲಿಗಳ ಕಾಲ ಬಂತು. ದೊಡ್ಡ ಊರೊಂದರ ಅಂಗಡಿಯಿಂದ ತರಿಸಿದ ಆರು 2ಎನ್ 3055 ಒಂದೇ ಜಾತ್ರೆಯಲ್ಲಿ ಹೋದವು. ವೈನಿ ಒಂದರ ಟೋಪಿ ಕತ್ತರಿಸಿಸಿ ನೋಡಿದಳು: ಒಳಗಿನ ಸಿಲಿಕಾನಿನ ಚೂರು ಎಳ್ಳಿನಷ್ಟು, ಹಳೆಯ ಅಸಲಿಯಲ್ಲಿ ಅದು ಹಲವು ಪಟ್ಟು ದೊಡ್ಡದು. ಅಗ್ಗದ ಸಾಮಾನಿನ ನಂಬರು ಉಜ್ಜಿ ತೆಗೆದು ದುಬಾರಿಯ ನಂಬರು ಒತ್ತುವ ಈ ದಂಧೆ ಜಗತ್ತಿನ ತುಂಬ ಇದೆ. ಕಂಪನಿಗಳೇ ಅದಕ್ಕೆ ಪರೀಕ್ಷೆ ಮಾಡಿಕೊಂಡಿವೆ, ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ನೋಡುವುದು. ಹೊಸದಾಗಿ ಬಳಿದ ಬಣ್ಣ ಎಷ್ಟೋ ಸಲ ಬಿಟ್ಟುಬರುತ್ತದೆ. ವೈನಿಗೆ ಇದು ತಿಳಿದಾಗ ಮಗಳ ಉಗುರುಬಣ್ಣ ತೆಗೆಯುವ ಸೀಸೆ ಅಂಗಡಿಗೆ ಬಂತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಯಾರಾದರೂ ಸಾಮಾನು ತಂದುಕೊಟ್ಟರೂ ಮೊದಲು ಆ ಹತ್ತಿ, ಆಮೇಲೆ ರೊಕ್ಕ.

ಈಗ ಹಳ್ಳಿಹಳ್ಳಿಗೂ ಡಿಜೆ ಪೆಟ್ಟಿಗೆಗಳು ಬಂದಿವೆ. ಒಂದೇ ಚಿಪ್ಪಿನಲ್ಲಿ ಇಡೀ ಆಂಪ್ಲಿಫೈಯರು, ಕೆಟ್ಟರೆ ಬೋರ್ಡನ್ನೇ ಬದಲಿಸುತ್ತಾರೆ. ವೈನಿಗೆ ಎಂಬತ್ತು ಸಮೀಪಿಸಿದೆ. ಆಕೆಯ ತಗಡಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿಟ್ಟ ಹಳೆಯ ಟ್ರಾನ್ಸಿಸ್ಟರುಗಳಿವೆ. ಒಂದನ್ನು ಮೀಟರಿಗೆ ಹಚ್ಚಿ ಎರಡು ಬೆರಳಿನಲ್ಲಿ ಹಿಡಿದರೆ ಸಾಕು, ಮೈಯ ಕಾವಿಗೇ ಮುಳ್ಳು ಮೇಲೇರುತ್ತದೆ. ಜರ್ಮೇನಿಯಂ ಎಂದು ಗುರುತಿಸಲು ಆಕೆಗೆ ಬೇರೆ ಸಾಕ್ಷಿ ಬೇಡ.

ಕಳೆದ ವರ್ಷ ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಎಸಿ 128 ಇವೆಯೇ ಎಂದು ಕೇಳಿದ. ಗಿಟಾರಿನ ದನಿಯನ್ನು ಬೇಕೆಂದೇ ಒಡೆಯುವ ಪೆಟ್ಟಿಗೆಗಳಿವೆಯಂತೆ. 1960ರ ದಶಕದ ಲಂಡನ್ನಿನಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರು ಹಾಕಿ ಮಾಡಿದ ಅಂಥ ಪೆಟ್ಟಿಗೆಯ ದನಿಯೇ ಬೇಕೆಂದು ಇವತ್ತಿಗೂ ಹುಡುಕುವವರಿದ್ದಾರೆ. ದನಿ ಒಡೆಯಬಾರದು ಎಂದು ಮೂವತ್ತೈದು ವರ್ಷ ಹೆಣಗಿದವಳು ನಕ್ಕುಬಿಟ್ಟಳು. ಹತ್ತು ಕೊಟ್ಟಳು, ಹೇಳಿದ ರೇಟಿಗೆ ಒಂದು ರೂಪಾಯಿ ಬಿಡಲಿಲ್ಲ. ಅವನ ಕಣ್ಣು ಅಕ್ಕ ತಂದಿದ್ದ ಎರಡನೆಯ ಎಡಿ 149 ಜೋಡಿಯ ಮೇಲೂ ಬಿತ್ತು. ಹಳೆಯ ಪೆಟ್ಟಿಗೆಯನ್ನು ಜರ್ಮೇನಿಯಂಗೇ ಮರಳಿ ಕಟ್ಟಿಸಬೇಕೆಂಬ ಆಸೆ ಆಕೆಗೆ ಇನ್ನೂ ಇದೆ.

"ಅವು ಕೊಡೂದಿಲ್ಲಪಾ" ಎಂದು ಡಬ್ಬಿಯ ಮುಚ್ಚಳ ಹಾಕಿದಳು. "ಚಳಿಗಾಲದಾಗ ಹಾಕಸ್ತೀನಿ. ಬ್ಯಾಸಗಿ ಅವಕ್ಕ ಆಗೂದಿಲ್ಲ."