ಪುಟವಿಲ್ಲದ ಪುಸ್ತಕ, ನೆಲೆಯಿಲ್ಲದ ಟಿಪ್ಪಣಿ

ಓಲೆಗರಿಯ ಕಟ್ಟಿನ ದಾರ ಕಡಿದು ಗರಿಗಳು ಚೆದುರಿದರೂ, ಅಂಚಿನಲ್ಲಿ ಲಿಪಿಕಾರನು ಬರೆದಿಟ್ಟ ಅಂಕಿಯ ಬಲದಿಂದ ಗ್ರಂಥವನ್ನು ಮತ್ತೆ ಜೋಡಿಸಬಹುದು. ಅಚ್ಚಿನ ಯುಗದಲ್ಲಿ ಪುಟಸಂಖ್ಯೆಯು ಆ ಕೆಲಸವನ್ನು ವಹಿಸಿಕೊಂಡಿತು. ವಿದ್ವಾಂಸರ ವಾದವಿವಾದಗಳು ಅದನ್ನೇ ನೆಮ್ಮಿ ನಡೆದವು. ಮೊಬೈಲ್ ದೂರವಾಣಿಯಲ್ಲಿ ಪುಸ್ತಕವನ್ನು ಓದಿಸುವ ತಂತ್ರಾಂಶಗಳ ಇತಿಹಾಸದಲ್ಲಿ ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಅಲ್ಲಿ ಈ ಪುಟವೇ ಇಲ್ಲವಾಯಿತೆಂಬುದು.

ಇದಕ್ಕೆ ಕಾರಣ ಪರದೆಯ ಗಾತ್ರ. ೧೯೯೩ರಲ್ಲಿ ಬಂದ ಪಿಡಿಎಫ್ ವಿಧಾನವು ಅಚ್ಚಿನ ಪುಟವನ್ನು ಇದ್ದಂತೆಯೇ ಕಾಪಾಡುತ್ತದೆ. ಆದರೆ ಅಂಗೈಯಗಲದ ಪರದೆಯಲ್ಲಿ ಅದನ್ನು ಓದುವುದು ಬೀಗದ ಕಿಂಡಿಯಿಂದ ಮನೆಯನ್ನು ನೋಡಿದಂತೆ. ೨೦೦೭ರ ಸೆಪ್ಟೆಂಬರಿನಲ್ಲಿ ಮಾನಕವಾದ ಇಪಬ್ ಬೇರೊಂದು ದಾರಿಯನ್ನು ಹಿಡಿಯಿತು. ಜಾಲಪುಟಗಳ ಸಂಕೇತಭಾಷೆಯಲ್ಲಿಯೇ ಬರೆದ ಅಧ್ಯಾಯಗಳು, ಅವುಗಳ ಅನುಕ್ರಮವನ್ನು ತಿಳಿಸುವ ಪಟ್ಟಿ, ಇವನ್ನೆಲ್ಲ ಕುಗ್ಗಿಸಿ ಕಟ್ಟಿದ ಒಂದು ಗಂಟು: ಅದರ ಸ್ವರೂಪ ಸ್ಥೂಲವಾಗಿ ಇಷ್ಟೇ. ಅಕ್ಷರವನ್ನು ಹಿಗ್ಗಿಸಿದರೆ ಸಾಲು ಮುರಿದು ಮುಂದಕ್ಕೆ ಹರಿಯುತ್ತದೆ. ಒಬ್ಬನ ಐವತ್ತನೆಯ ಪುಟ ಮತ್ತೊಬ್ಬನ ತೊಂಬತ್ತನೆಯದಾಗುತ್ತದೆ. ೨೦೧೧ರಲ್ಲಿ, ಇಪಬ್‌ನ ಮೂರನೆಯ ಆವೃತ್ತಿಯೊಡನೆ, ಇಂತಹ ಅಧ್ಯಾಯ, ಇಂತಹ ಖಂಡ, ಇಷ್ಟನೆಯ ಅಕ್ಷರವೆಂದು ಪಠ್ಯದ ಒಳರಚನೆಯನ್ನೇ ಎಣಿಸಿ ಸ್ಥಾನವನ್ನು ಸೂಚಿಸುವ ಕ್ರಮ ರೂಪುಗೊಂಡಿತು. ವಚನಗಳನ್ನು ಸಂಪುಟ ಮತ್ತು ಕ್ರಮಸಂಖ್ಯೆಗಳಿಂದ ಉಲ್ಲೇಖಿಸಿ ರೂಢಿಯುಳ್ಳ ಕನ್ನಡ ವಿದ್ಯಾರ್ಥಿಗೆ ಇದು ಅಪರಿಚಿತವೆನಿಸದು. ಆದರೆ ನಡುವೆ ಒಂದು ಖಂಡವನ್ನು ಸೇರಿಸಿದರೆ ಈ ಎಣಿಕೆಯೂ ತಪ್ಪುತ್ತದೆ.

ಅಮೆಜಾನ್ ಸಂಸ್ಥೆಯು ೨೦೦೭ರ ನವೆಂಬರ್ ೧೯ರಂದು ಕಿಂಡಲ್ ಎಂಬ ಓದುಫಲಕವನ್ನು ಹೊರತಂದಿತು. ೨೦೦೯ರ ಮಾರ್ಚಿನಲ್ಲಿ ಅದರ ಪುಸ್ತಕಭಂಡಾರವು ಐಫೋನಿಗೂ ಬಂದಿತು. ಫಲಕದಲ್ಲಿ ನಿಲ್ಲಿಸಿದ ಎಡೆಯಿಂದಲೇ ದೂರವಾಣಿಯಲ್ಲಿ ಓದನ್ನು ಮುಂದುವರಿಸುವುದು ಸಾಧ್ಯವಾಯಿತು. ಈ ಸೌಕರ್ಯದ ಹಿಂದೆ ದೊಡ್ಡ ಪಲ್ಲಟವೊಂದು ಅಡಗಿತ್ತು: ಓದುಗನ ಗುರುತು, ಟಿಪ್ಪಣಿಗಳೆಲ್ಲ ದೂರದ ಸಂಸ್ಥೆಯ ಗಣಕಕ್ಕೂ ಸೇರಿದವು, ಅಲ್ಲಿಂದ ಅವನ ಕೈಯ ಪ್ರತಿಯವರೆಗೆ ಒಂದು ದಾರಿ ತೆರೆಯಿತು.

ಆ ದಾರಿಯಲ್ಲಿ ಹಿಂದಕ್ಕೂ ನಡೆಯಬಹುದೆಂಬುದು ನಾಲ್ಕೇ ತಿಂಗಳಲ್ಲಿ ತಿಳಿಯಿತು. ಜಾರ್ಜ್ ಆರ್ವೆಲ್‌ನ ‘೧೯೮೪’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳನ್ನು ಹಕ್ಕಿಲ್ಲದವರು ಭಂಡಾರದಲ್ಲಿ ಮಾರಾಟಕ್ಕಿಟ್ಟಿದ್ದರು. ಅದು ಗೊತ್ತಾದೊಡನೆ, ಜುಲೈನಲ್ಲಿ, ಸಂಸ್ಥೆಯು ಹಣವನ್ನು ಹಿಂದಿರುಗಿಸಿ ಕೊಂಡವರ ಫಲಕಗಳಿಂದಲೇ ಪ್ರತಿಗಳನ್ನು ಅಳಿಸಿತು. ಹಳೆಯ ದಾಖಲೆಗಳನ್ನು ತಿದ್ದುವುದೇ ಕಥಾನಾಯಕನ ಉದ್ಯೋಗವಾಗಿರುವ ಕಾದಂಬರಿಗೆ ಈ ಗತಿ ಬಂದುದು ವಿಚಿತ್ರ. ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೋರಿದರು. ಆದರೆ ಪಾಠಕ್ಕಾಗಿ ಓದುತ್ತಿದ್ದ ಅಮೆರಿಕದ ಶಾಲಾವಿದ್ಯಾರ್ಥಿಯೊಬ್ಬನು ನ್ಯಾಯಾಲಯದ ಮೆಟ್ಟಿಲೇರಿದನು. ಅವನ ದೂರು ಗ್ರಂಥದ ಬೆಲೆಗೆ ಸಂಬಂಧಿಸಿದ್ದಷ್ಟೇ ಅಲ್ಲ. ಅವನು ಬರೆದುಕೊಂಡ ಟಿಪ್ಪಣಿಗಳು ಉಳಿದಿದ್ದವು. ಯಾವ ವಾಕ್ಯವನ್ನು ಕುರಿತು ಬರೆದನೋ ಆ ವಾಕ್ಯಗಳಿರಲಿಲ್ಲ. ಮೂಲವು ನಷ್ಟವಾಗಿ ಟೀಕೆಯೊಂದೇ ಕೈಗೆ ಸಿಕ್ಕಾಗ ಸಂಪಾದಕನಿಗೆ ಒದಗುವ ಸಂಕಟವೇ ಇದು. ಅದೇ ವರ್ಷ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಮುಂದೆ ಕೊಳ್ಳುವ ಮಾತೇ ಹಿಂದೆ ಸರಿದು ಚಂದಾ ಪದ್ಧತಿ ಬಲಿಯಿತು. ಗ್ರಂಥವನ್ನು ಧಾರೆಯಾಗಿ ಒದಗಿಸುವ ತಂತ್ರಾಂಶವು ಓದುತ್ತಿರುವ ಅಧ್ಯಾಯವನ್ನೂ ಮುಂದಿನ ಒಂದೆರಡನ್ನೂ ಮೊದಲೇ ತರಿಸಿ, ಬೀಗಹಾಕಿದ ತಾತ್ಕಾಲಿಕ ಕೋಶದಲ್ಲಿರಿಸಿಕೊಳ್ಳುತ್ತದೆ. ನಡುವೆ ಸಂಪರ್ಕ ಕಡಿದರೂ ಓದು ನಿಲ್ಲದು. ಚಂದಾ ಮುಗಿದರೆ ಬೀಗ ತೆರೆಯದು. ಅಮೆಜಾನಿನ ಇಂತಹ ಚಂದಾ ಯೋಜನೆ ೨೦೧೪ರಲ್ಲಿ ಬಂದಿತು; ಮರುವರ್ಷದ ಜುಲೈಯಿಂದ ಅದರಲ್ಲಿ ಸ್ವಯಂಪ್ರಕಾಶಕರಾದ ಲೇಖಕರಿಗೆ ಓದಿದ ಪುಟಗಳ ಲೆಕ್ಕದಲ್ಲಿ ಹಣ ಸಲ್ಲತೊಡಗಿತು. ಪುಟವನ್ನು ಅಳಿಸಿದ ವಿದ್ಯೆಯೇ ಹಣ ಹಂಚುವುದಕ್ಕಾಗಿ ಪುಟವೊಂದನ್ನು ಮರಳಿ ಕಲ್ಪಿಸಿಕೊಳ್ಳಬೇಕಾಯಿತು!

ಕನ್ನಡದ ಮಟ್ಟಿಗೆ ಮತ್ತೊಂದು ತೊಡಕು. ಸಾಲು ಹರಿಯುವ ಪಠ್ಯದಲ್ಲಿ ಗುಣಿತ, ಒತ್ತುಗಳನ್ನು ಆಯಾ ಕ್ಷಣದಲ್ಲಿ ಕೂಡಿಸಿ ಬರೆಯುವ ಹೊಣೆ ಓದುಗನ ಸಾಧನದ್ದೇ. ೨೦೧೬ರ ಡಿಸೆಂಬರಿನಲ್ಲಿ ಕಿಂಡಲ್ ಭಂಡಾರವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ತೆರೆದುಕೊಂಡಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ.

ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೭ರಲ್ಲಿ ಆರಂಭಿಸಿದ ಪುಸ್ತಕಭಂಡಾರವನ್ನು ೨೦೧೯ರ ಏಪ್ರಿಲ್‌ನಲ್ಲಿ ಮುಚ್ಚಿತು. ಜುಲೈ ಹೊತ್ತಿಗೆ, ಬೆಲೆ ತೆತ್ತು ಕೊಂಡ ಗ್ರಂಥಗಳೂ ತೆರೆಯದಾದವು. ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಲಾಯಿತು. ಪುಸ್ತಕಗಳಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಹೆಚ್ಚುವರಿಯಾಗಿ ೨೫ ಡಾಲರ್ ಸಂದಿತು. ಅಂಚಿನಲ್ಲಿ ಒಂದು ಪದವನ್ನು ಬರೆದವನಿಗೂ ಸಾಲುಸಾಲಿಗೆ ವ್ಯಾಖ್ಯಾನ ಬರೆದವನಿಗೂ ಮೊತ್ತ ಒಂದೇ ಆಗಿತ್ತು.