ತಿದಿಯ ವಂಶಾವಳಿ

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೊರಟವರಿಗೆ, ವೆಂಕಣ್ಣಯ್ಯನವರ ತಳುಕನ್ನು ದಾಟಿದ ಮೇಲೆ, ಬಿ.ಜಿ. ಕೆರೆ ಸಿಗುತ್ತದೆ. ಮಳೆ ಕಡಿಮೆ, ಧೂಳು ಹೆಚ್ಚು. ಬಿಸಿಲಿನ ಮಾತಂತೂ ಬೇಡ. ಕೆಲವು ಬೇಸಗೆಗಳ ಹಿಂದೆ ಇಲ್ಲಿನ ಬೇವಿನ ಮರವೊಂದರ ಕೆಳಗೆ ನಮ್ಮ ಹಂಪೆಯ ಯಾತ್ರೆ ನಿಂತಿತು. ಕಾರು ಮಿತ್ರರದು, ಎಂ.ಜಿ.ಎ. ಎಂಬ ಹಳೆಯ ಇಂಗ್ಲಿಷ್ ಕ್ರೀಡಾಕಾರು. ಓಡುವಾಗ ಹೇಗೋ ಓಡುವುದು; ನಿಲ್ಲಿಸಿ ಎಂಜಿನನ್ನು ತನ್ನಷ್ಟಕ್ಕೆ ತಿರುಗಲು ಬಿಟ್ಟರೆ, ಚಳಿಜ್ವರ ಹಿಡಿದವರಂತೆ ನಡುಗಿ ಆರಿಹೋಗುವುದು. ಮಿತ್ರರು ಕಾರ್ಬ್ಯುರೇಟರಿನ ತಿರುಪುಗಳನ್ನು ಬೆಂಗಳೂರಿನಿಂದಲೂ ತಿರುಗಿಸುತ್ತಲೇ ಬಂದಿದ್ದರು.

ಮುಂದೆ ನಡೆದುದು ವಾಚಕರಿಗೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲಂಡನ್ನಿನಲ್ಲಿ ಲಿಲ್ಲಿ ಅಂಡ್ ಸ್ಕಿನ್ನರ್ ಎಂಬ ಹೆಸರಾಂತ ಪಾದರಕ್ಷೆಯ ವ್ಯಾಪಾರವಿತ್ತು. ಆ ಮನೆತನದ ಜಾರ್ಜ್ ಹರ್ಬರ್ಟ್ ಸ್ಕಿನ್ನರನಿಗೆ ಜೋಡಿಗಿಂತ ಮೋಟಾರಿನ ಮೇಲೆ ಮೋಹ. (ಸ್ಕಿನ್ನರ್ ಎಂದರೆ ತೊಗಲು ಸುಲಿಯುವವನು. ಹೆಸರುಗಳು ಕೆಲವೊಮ್ಮೆ ಇಷ್ಟು ಪ್ರಾಮಾಣಿಕವಾಗಿರುತ್ತವೆ.) ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸುವುದೇ ಕಾರ್ಬ್ಯುರೇಟರಿನ ಕೆಲಸ. ಅಂದಿನವುಗಳಲ್ಲಿ ಸಾಮಾನ್ಯವಾಗಿ ಗಾಳಿಯ ದಾರಿಯ ಅಗಲ ಒಂದೇ. ವೇಗಕ್ಕೆ ಸರಿಹೊಂದಿದ್ದು ನಿಧಾನಕ್ಕೆ ಹೊಂದದು. ಹರ್ಬರ್ಟನು 1905ರ ಸುಮಾರಿಗೆ ಇದಕ್ಕೆ ಕಂಡುಕೊಂಡ ಉಪಾಯ ಮನೆತನಕ್ಕೆ ತಕ್ಕುದೇ ಆಗಿತ್ತು: ಒಂದು ಚರ್ಮದ ತಿದಿ. ನಮ್ಮ ಕಮ್ಮಾರನ ತಿದಿ ಗಾಳಿಯನ್ನು ಊದುತ್ತದೆ. ಇದನ್ನು ಎಂಜಿನೇ ತನ್ನ ಉಸಿರಿನಿಂದ ಮೇಲಕ್ಕೆ ಸೆಳೆಯುತ್ತದೆ. ತಿದಿ ಮೇಲೇರಿದಷ್ಟೂ ಗಾಳಿಯ ದಾರಿ ಅಗಲವಾಗುತ್ತದೆ. ಜೊತೆಗೆ ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುವ ಸೂಜಿಯೊಂದು ಮೇಲೆದ್ದು, ಪೆಟ್ರೋಲಿನ ಕಂಡಿಯೂ ಅಷ್ಟಷ್ಟೇ ತೆರೆಯುತ್ತದೆ. ಎಂಜಿನು ಕೇಳಿದಷ್ಟು, ಕೇಳಿದಾಗ.

ತಮ್ಮ ಥಾಮಸ್ ಕಾರ್ಲೈಲ್ ಸ್ಕಿನ್ನರನೂ ಸೇರಿ 1910ರಲ್ಲಿ ಕಂಪನಿಯಾಯಿತು. ಹೆಸರು ಸ್ಕಿನ್ನರ್ ಯೂನಿಯನ್. ಲೋಕದ ಬಾಯಲ್ಲಿ ಎಸ್.ಯು. ಮುಂದೆ ಚರ್ಮ ಹೋಗಿ ಲೋಹದ ಪಿಸ್ಟನ್ ಬಂತು, ತತ್ತ್ವ ಮಾತ್ರ ಬದಲಾಗಲಿಲ್ಲ. 1926ರಲ್ಲಿ ವಿಲಿಯಂ ಮಾರಿಸನು ಕಂಪನಿಯನ್ನು ಕೊಂಡನು. ಎಂ.ಜಿ. ಎಂಬ ಅಕ್ಷರಗಳೂ ಆಕ್ಸ್‌ಫರ್ಡಿನ ಅವನ ಮಾರಿಸ್ ಗ್ಯಾರೇಜಿನಿಂದಲೇ ಬಂದವು. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆದುವು. 1955ರಲ್ಲಿ ಹೊರಬಂದ ಎಂ.ಜಿ.ಎ.ಗೆ ಆ ಕಾರ್ಪೊರೇಷನ್ನಿನ 1489 ಸಿ.ಸಿ. ಎಂಜಿನು, ಎರಡು ಎಸ್.ಯು. ಕಾರ್ಬ್ಯುರೇಟರು. 1962ರ ವರೆಗೆ ಒಂದು ಲಕ್ಷಕ್ಕೂ ಮೀರಿ ತಯಾರಾದ ಈ ಕಾರುಗಳಲ್ಲಿ ಹೆಚ್ಚಿನವು ಅಮೆರಿಕಕ್ಕೆ ಹೋದವು. ಆಮದಿನ ನಿರ್ಬಂಧವಿದ್ದ ನಮ್ಮಲ್ಲಿಗೆ ಬಂದದ್ದು ಬೆರಳೆಣಿಕೆ.

ಆದರೆ ಒಡಹುಟ್ಟಿದವನೊಬ್ಬ ಬೇರೆ ವೇಷದಲ್ಲಿ ಬಂದ. ಮಾರಿಸ್ ಆಕ್ಸ್‌ಫರ್ಡ್ ಕಾರನ್ನೇ ಹಿಂದೂಸ್ತಾನ್ ಮೋಟಾರ್ಸ್‌ನವರು ಐವತ್ತರ ದಶಕದ ಕೊನೆಯಲ್ಲಿ ಉತ್ತರಪಾರಾದಲ್ಲಿ ಅಂಬಾಸಡರ್ ಎಂದು ಕರೆದು ಮಾಡತೊಡಗಿದರು. ಮೊದಲು ಹಳೆಯ ಎಂಜಿನು, ಬೇಗನೆ ಅದೇ 1489 ಸಿ.ಸಿ.ಯದು. ಅಣ್ಣ ಪಂದ್ಯಕ್ಕೆ ಹೋದ; ತಮ್ಮ ಮಂತ್ರಿಗಳನ್ನೂ ಮದುವೆಯ ದಿಬ್ಬಣವನ್ನೂ ಹೊತ್ತ.

ಆದುದರಿಂದಲೇ ಬಿ.ಜಿ. ಕೆರೆಯಲ್ಲಿ ಯಾರೋ ಕರೆತಂದ ವೃದ್ಧ ಮೆಕ್ಯಾನಿಕರು ಬಾನೆಟ್ಟನ್ನು ಎತ್ತಿ ಒಂದಿಷ್ಟೂ ಬೆರಗಾಗಲಿಲ್ಲ. “ಅಂಬಾಸಡರೇ. ಮೂಗು ಮಾತ್ರ ಎರಡು” ಎಂದರು. ಟ್ಯಾಕ್ಸಿಗಳ ಕಾಲದಲ್ಲಿ ಕೈ ಪಳಗಿಸಿಕೊಂಡವರು. ತಿರುಪನ್ನು ಮುಟ್ಟಲಿಲ್ಲ. ಮೊದಲು ಪ್ಲಗ್ಗು, ಪಾಯಿಂಟು, ವಾಲ್ವಿನ ಸಂದು. ಕಿಡಿಯ ದೋಷವನ್ನು ಪೆಟ್ರೋಲಿನ ತಲೆಗೆ ಕಟ್ಟುವುದು ಕಲಿಯದವರ ಕೆಲಸವಂತೆ. ಥ್ರಾಟಲ್ ಕಡ್ಡಿಯ ತುದಿಗಳಿಗೆ ಎಣ್ಣೆ ತೊಟ್ಟಿಕ್ಕಿ ಕಿವಿಗೊಟ್ಟರು. ಸವೆದ ಸಂದಿನಿಂದ ಕಳ್ಳಗಾಳಿ ನುಗ್ಗುತ್ತಿದ್ದರೆ ಸದ್ದು ಬದಲಾಗಬೇಕು. ಆಗಲಿಲ್ಲ. ಆಮೇಲೆ ಎಂಜಿನನ್ನು ನಿಲ್ಲಿಸಿ, ಬೆರಳಿನಿಂದ ಒಂದೊಂದೇ ಪಿಸ್ಟನನ್ನು ಎತ್ತಿ ಬಿಟ್ಟರು. ಮುಂದಿನದು ‘ಟಕ್’ ಎಂದು ಬಿತ್ತು. ಹಿಂದಿನದು ಸದ್ದಿಲ್ಲದೆ ನಡುದಾರಿಯಲ್ಲಿ ತಡೆದು ನಿಂತಿತು.

ಮುಚ್ಚಳಗಳನ್ನು ಬಿಚ್ಚಿ ಬಟ್ಟೆಯಿಂದ ಒರೆಸಿದರು. ನಾನು ಉತ್ಸಾಹದಿಂದ ಮರಳುಕಾಗದದ ಮಾತೆತ್ತಿದಾಗ ಅವರು ನೋಡಿದ ನೋಟ ಇನ್ನೂ ನೆನಪಿದೆ. ಪಿಸ್ಟನಿಗೂ ಅದರ ಮುಚ್ಚಳಕ್ಕೂ ನಡುವೆ ಇರುವುದು ಕೂದಲೆಳೆಯ ಸಂದು. ಉಜ್ಜಿದರೆ ಗಾಳಿ ಸೋರುತ್ತದೆ. ಅವೆರಡೂ ಹುಟ್ಟುಜೋಡಿ, ಬಿಡಿಭಾಗವಾಗಿ ಕೊಳ್ಳುವಾಗಲೂ ಜೋಡಿಯಾಗಿಯೇ ಬರುತ್ತವೆ. ಒರೆಸಿದ ಮೇಲೂ ಹಿಂದಿನದು ಕಚ್ಚಿಕೊಂಡಾಗ, ಅವರು ಎರಡು ಮುಚ್ಚಳಗಳನ್ನೂ ಅದಲುಬದಲು ಮಾಡಿದರು. ಟಕ್, ಟಕ್. ಹಿಂದೆ ಎಲ್ಲೋ ಕಾರು ಬಿಚ್ಚಿದವರು ಜೋಡಿಯನ್ನು ತಪ್ಪಿಸಿದ್ದರು.

ಉಳಿದದ್ದು ಎರಡೂ ಮೂಗುಗಳ ಉಸಿರನ್ನು ಸಮ ಮಾಡುವುದು. ರಬ್ಬರಿನ ನಳಿಗೆಯ ಒಂದು ತುದಿಯನ್ನು ಕಾರ್ಬ್ಯುರೇಟರಿನ ಬಾಯಿಗೂ ಇನ್ನೊಂದನ್ನು ತಮ್ಮ ಕಿವಿಗೂ ಹಿಡಿದು, ಭೋರೆಂಬ ಸದ್ದನ್ನು ತೂಗುತ್ತ ತಿರುಪನ್ನು ಈಗ ಮೊದಲ ಸಲ ಮುಟ್ಟಿದರು. ಎಂಜಿನು ಹದಕ್ಕೆ ಬಂತು.

ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿದೆ. ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರೇ ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವುದು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಅಪ್ಪಣೆ. ಅವರೊಡನೆ ಬಂದಿದ್ದ ಹುಡುಗ ಬೈಕುಗಳನ್ನಷ್ಟೇ ಬಲ್ಲವನು, ಮೊಬೈಲು ನೋಡುತ್ತ ನಿಂತಿದ್ದ. ವೃದ್ಧರು ನಳಿಗೆಯನ್ನು ಅವನ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದು ಬಾಯಿಂದ ಇನ್ನೊಂದಕ್ಕೆ ಸರಿಸಿದರು.

“ಎರಡೂ ಒಂದೇ ಥರ ಐತಲ್ಲ?” ಎಂದ ಹುಡುಗ.

“ಐತಲ್ಲ, ಮತ್ತೆ!” ಎಂದು ಅವರು ಬಾನೆಟ್ಟು ಮುಚ್ಚಿದರು.