ಕೊಕಟನೂರ ಸೀಮೆಯ ಸರಕಾರಿ ಪ್ರೌಢಶಾಲೆ: ವಿದ್ಯಾರ್ಥಿವರ್ಗ ಮತ್ತು ಪರೀಕ್ಷಾಫಲ

ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿಗೆ ಸೇರಿದ, ಯಲ್ಲಮ್ಮದೇವಿಯ ಜಾತ್ರೆಯಿಂದ ಹೆಸರಾದ ಗ್ರಾಮ ಕೊಕಟನೂರ. ಕಂದಾಯದ ಲೆಕ್ಕಕ್ಕೆ ಬೆಳಗಾವಿಯದಾದ ಈ ಸೀಮೆ ಶಿಕ್ಷಣದ ಲೆಕ್ಕಕ್ಕೆ ಚಿಕ್ಕೋಡಿಯದು. ಮಧುಗಿರಿ, ಶಿರಸಿಗಳಂತೆ ಚಿಕ್ಕೋಡಿಯೂ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ ಅಥಣಿ, ಕಾಗವಾಡ, ರಾಯಬಾಗ, ನಿಪ್ಪಾಣಿ ಮೊದಲಾದ ತಾಲೂಕುಗಳ ಎಸ್ಸೆಸ್ಸೆಲ್ಸಿ ಫಲಿತಾಂಶವು ಅದರ ಹೆಸರಿನಲ್ಲಿಯೇ ಪ್ರಕಟವಾಗುತ್ತದೆ. ಎಂಟರಿಂದ ಹತ್ತನೆಯ ಇಯತ್ತೆಯವರೆಗಿನ ಸರಕಾರಿ ಪ್ರೌಢಶಾಲೆಯನ್ನು ಇಲ್ಲಿಯ ಜನ ಇಂದಿಗೂ ‘ಹಾಯಸ್ಕೂಲು’ ಎಂದೇ ಕರೆಯುವರು.

ಚಿಕ್ಕೋಡಿಯ ಪರೀಕ್ಷಾಕೀರ್ತಿ ಸಾಮಾನ್ಯವಾದುದಲ್ಲ. 2017ರಲ್ಲಿ ಶೇಕಡಾ 80.47ರಷ್ಟು ಉತ್ತೀರ್ಣತೆಯಿಂದ ರಾಜ್ಯದಲ್ಲಿ ಮೂರನೆಯ ಸ್ಥಾನವನ್ನೂ, 2018ರಲ್ಲಿ ಉಡುಪಿ ಮತ್ತು ಉತ್ತರ ಕನ್ನಡಗಳ ಬೆನ್ನಿಗೇ ಶೇಕಡಾ 87.01ರೊಡನೆ ಪುನಃ ಅದೇ ಸ್ಥಾನವನ್ನೂ ಅದು ಪಡೆದುದು, ಕರಾವಳಿಯವರಿಗಲ್ಲದೆ ಅನ್ಯರಿಗೆ ಅಗ್ರಪಂಕ್ತಿ ಸಲ್ಲದೆಂಬ ರೂಢಮೂಲ ಭಾವನೆಗೆ ಒಂದು ಪ್ರತ್ಯುತ್ತರವಾಗಿತ್ತು. ಆ ವರ್ಷ ರಾಜ್ಯದ ಸರಾಸರಿ ಕೇವಲ 71.93. ಆದರೆ ಇಂಥ ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. 2024ರಲ್ಲಿ ಪರೀಕ್ಷಾಕೊಠಡಿಗಳ ಮೇಲೆ ಕ್ಯಾಮೆರಾದ ಕಣ್ಣಿಟ್ಟು ವೆಬ್‌ಕಾಸ್ಟಿಂಗ್ ನಡೆಸಿದೊಡನೆ, ಹಿಂದಿನ ವರ್ಷ 83.89ರಷ್ಟಿದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲಿನ ಮಾತು. ಹಿಂದಿನ ಏರುಗಳಲ್ಲಿ ವಿದ್ಯೆಯ ಪಾಲೆಷ್ಟು, ಮೇಲ್ವಿಚಾರಕರ ಔದಾರ್ಯದ ಪಾಲೆಷ್ಟು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಗ್ರಾಮೀಣ ಶಾಲೆಯ ಶೇಕಡಾವಾರಿಗೆ ಇನ್ನೊಂದು ದೌರ್ಬಲ್ಯವುಂಟು. ಹತ್ತನೆಯ ಇಯತ್ತೆಯಲ್ಲಿ ಮೂವತ್ತು ಮಕ್ಕಳಿರುವೆಡೆ ಒಬ್ಬ ಹುಡುಗ ಗಣಿತದಲ್ಲಿ ಎಡವಿದರೆ ಶಾಲೆಯ ಫಲಿತಾಂಶ ಮೂರಂಶಕ್ಕಿಂತ ಹೆಚ್ಚು ಕುಸಿಯುವುದು; ಅವನು ಪರೀಕ್ಷೆಗೇ ಕೂಡದೆ ಹೋದರೆ ಕುಸಿಯುವುದೇ ಇಲ್ಲ. ಎಂಟನೆಯ ಇಯತ್ತೆಯ ಹಾಜರಿಪುಸ್ತಕವನ್ನೂ ಹತ್ತನೆಯದನ್ನೂ ಜೋಡಿಸಿ ನೋಡದವನಿಗೆ ಶಾಲೆಯ ನಿಜವಾದ ಫಲ ಕಾಣದೆಂಬುದು ಈ ಕಾರಣದಿಂದಲೇ.

ವಿದ್ಯಾರ್ಥಿವರ್ಗದ ಸ್ವರೂಪವನ್ನು ನಿರ್ಣಯಿಸುವುದರಲ್ಲಿ ಕೃಷ್ಣಾನದಿಯ ಕೈ ದೊಡ್ಡದು. ಉಗಾರದಲ್ಲಿ ಸಕ್ಕರೆ ಕಾರಖಾನೆ ಕಾಲಿಟ್ಟಂದಿನಿಂದ ನೀರಾವರಿಯ ಹಳ್ಳಿಗಳು ಕಬ್ಬಿನಿಂದ ಅನುಕೂಲಸ್ಥವಾದುವು, ಮತ್ತು ಅನುಕೂಲವಾದ ಮನೆಗಳ ಮಕ್ಕಳು ಪೇಟೆಯ ಅನುದಾನಿತ ಶಾಲೆಗಳಿಗೋ ಇಂಗ್ಲಿಷ್ ಮಾಧ್ಯಮಕ್ಕೋ ನಡೆದರು. ಮಳೆಯನ್ನೇ ನಂಬಿದ ಒಣಬೇಸಾಯದವರು, ಕೂಲಿಕಾರರು, ಕುರಿ ಕಾಯುವವರು, ಅಥಣಿಯ ಹೆಸರಾಂತ ಚಪ್ಪಲಿ ಹೊಲಿಯುವ ಸಮಗಾರರು, ತಾಂಡಾಗಳ ಲಂಬಾಣಿಗರು, ಇವರ ಮಕ್ಕಳಿಗೆ ಸರಕಾರಿ ಶಾಲೆಯೇ ಗತಿಯಾಯಿತು. ದೀಪಾವಳಿ ಸರಿಯುತ್ತಲೇ ಕಬ್ಬು ಕಡಿಯುವ ಗ್ಯಾಂಗುಗಳು ಮುಂಗಡ ಹಿಡಿದು ಹೊರಡುವುವು. ಕಾರಖಾನೆಗಳು ನುರಿಸುವುದನ್ನು ನಿಲ್ಲಿಸುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಬಾಗಿಲಿಗೆ ಬಂದಿರುವುದು. ತಂದೆತಾಯಿಗಳೊಡನೆ ಹೋದ ಮಗು ಪಾಠ ತಪ್ಪಿಸಿಕೊಳ್ಳುತ್ತದೆ. ಅಜ್ಜಿಯ ಬಳಿ ಉಳಿದುದು ಮನೆವಾರ್ತೆಯನ್ನು ಹೊರುತ್ತದೆ. ಶಾಲೆಯ ವೇಳಾಪಟ್ಟಿಗೂ ಸುಗ್ಗಿಯ ಪಂಚಾಂಗಕ್ಕೂ ಕೂಡಿಬಾರದಿರುವ ಈ ವೈಷಮ್ಯವನ್ನು ಯಾವ ವಿಶೇಷ ತರಗತಿಯೂ ಪೂರ್ಣವಾಗಿ ನೀಗಲಾರದು.

ಹೆಣ್ಣುಮಕ್ಕಳ ಕಥೆ ತುಸು ಬೇರೆ. 2011ರ ಜನಗಣತಿಯಂತೆ ಜಿಲ್ಲೆಯ ಪುರುಷ ಸಾಕ್ಷರತೆ 82.20, ಸ್ತ್ರೀಯರದು 64.58, ಆದರೆ 2024ರ ಪರೀಕ್ಷೆಯಲ್ಲಿ ರಾಜ್ಯದ ಬಾಲಕಿಯರು ಶೇಕಡಾ 81.11ರಷ್ಟು, ಬಾಲಕರು 65.90ರಷ್ಟು ತೇರ್ಗಡೆಯಾದರು. ಅಕ್ಷರ ಕಾಣದ ತಾಯಂದಿರ ಹೆಣ್ಣುಮಕ್ಕಳೇ ಮುಂದಾಗಿರುವುದು ಒಂದು ತಲೆಮಾರಿನೊಳಗಿನ ಪಲ್ಲಟ. 2006-07ರಲ್ಲಿ ಆರಂಭವಾದ ಎಂಟನೆಯ ಇಯತ್ತೆಯ ಉಚಿತ ಸೈಕಲ್ಲು, ಮರುವರ್ಷ ಪ್ರೌಢಶಾಲೆಗೂ ವಿಸ್ತರಿಸಿದ ಬಿಸಿಯೂಟ, ಇವೆರಡಕ್ಕೂ ಇದರಲ್ಲಿ ಸಲ್ಲಬೇಕಾದ ಯಶಸ್ಸಿದೆ. ಸೈಕಲ್ಲು ಕಲಿಸಲಿಲ್ಲ, ನಿಜ. ದೂರದ ವಸ್ತಿಯ ಹುಡುಗಿಯನ್ನು ಶಾಲೆಯವರೆಗೆ ಮುಟ್ಟಿಸಿತು.

ಯಲ್ಲಮ್ಮನ ಕ್ಷೇತ್ರವಾದುದರಿಂದ ಕೊಕಟನೂರಿಗೆ ಒಂದು ವಿಶಿಷ್ಟ ವಿಷಾದವೂ ಅಂಟಿಕೊಂಡಿತ್ತು. ದೇವದಾಸಿಯಾಗಿ ಮುತ್ತು ಕಟ್ಟುವುದನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತಾದರೂ, ಅಂಥ ತಾಯಂದಿರ ಮಕ್ಕಳು ಶಾಲೆಯ ದಾಖಲಾತಿಪುಸ್ತಕದಲ್ಲಿ ತಂದೆಯ ಹೆಸರಿನ ಅಂಕಣದೆದುರು ಮೂಕರಾಗುವ ಸಂಕಟ ಕಾಯಿದೆಯೊಡನೆ ತೀರಲಿಲ್ಲ. ಅಥಣಿಯ ವಿಮೋಚನಾ ಸಂಘವು ಈ ಮಕ್ಕಳಿಗೆಂದೇ ವಸತಿಶಾಲೆ ನಡೆಸಿದುದು ಈ ಭಾಗದ ಶಿಕ್ಷಣಚರಿತ್ರೆಯಲ್ಲಿ ಉಲ್ಲೇಖಾರ್ಹ. ಜಾತಿವಾರು ಪಟ್ಟಿಯಲ್ಲಿ ಪರಿಶಿಷ್ಟರೆಂದು ಒಂದೇ ಸಾಲಿಗೆ ಬರುವವರಲ್ಲಿ ಎಷ್ಟು ಬಗೆಯ ಬಾಳುಗಳಿವೆಯೆಂಬುದನ್ನು ಆ ಅಂಕಣ ಹೇಳದು.

ಭಾಷೆಯ ವಿಚಾರವನ್ನು ಗಡಿಸೀಮೆಯಲ್ಲಿ ಬಿಡುವಂತಿಲ್ಲ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡಗಳಲ್ಲಿ ಮರಾಠಿ ಮಾಧ್ಯಮದ ಶಾಲೆಗಳೂ ಇವೆ. ಪರೀಕ್ಷೆಯ ಒಟ್ಟು 625 ಅಂಕಗಳಲ್ಲಿ 125 ಪ್ರಥಮ ಭಾಷೆಯದಾದುದರಿಂದ ಮನೆಮಾತಿನಲ್ಲಿಯೇ ಅದನ್ನು ಬರೆವ ಮಗುವಿಗೆ ಆಸರೆಯುಂಟು. ಗಡಿಯಾಚೆ, ಹಿಂದೆ ಸಂಸ್ಥಾನವಾಗಿದ್ದ ಜತ್ತದಲ್ಲಿ, ಇದೇ ಚಿತ್ರ ತಿರುವುಮುರುವಾಗಿ ಕಾಣುವುದು: ಅಲ್ಲಿ ಮಹಾರಾಷ್ಟ್ರದ ಆಡಳಿತದಡಿಯಲ್ಲಿ ಕನ್ನಡ ಶಾಲೆಗಳು ನಡೆಯುತ್ತಿವೆ. ಅಥಣಿಯ ಹುಡುಗನೂ ಜತ್ತದ ಹುಡುಗನೂ ಒಂದೇ ಕನ್ನಡವಾಡಿ, ಒಂದೇ ಬರಗಾಲವನ್ನುಂಡು, ಎರಡು ಬೇರೆ ಮಂಡಳಿಗಳ ಪ್ರಶ್ನಪತ್ರಿಕೆಗೆ ಉತ್ತರ ಬರೆಯುವರು. ಆದುದರಿಂದ ಚಿಕ್ಕೋಡಿಯ ಪಟ್ಟಿಯಲ್ಲಿ ಜತ್ತದವನ ಅಂಕ ಸೇರುವುದಿಲ್ಲ.